ಸಿದ್ದ ಬಿದ್ದ ಹೊಲ

ಎನ್. ಬೇಗೂರಿನಿಂದ ಕಾಡಿನ ಕಡೆಗೆ ಎರಡು ಮೈಲಿ ನಡೆದರೆ ಕಂಠಪ್ಪನ ಹೊಲ. ಹೊಲದ ತುದಿಗೆ ಬಿದಿರ ಮೆಳೆ, ಮೆಳೆಯ ಆಚೆ ಜೇನುಕುರುಬರ ಹಾಡಿ, ಅದರಾಚೆ ಬರೀ ಕಾಡು. ಕಂಠಪ್ಪ ಕೆಟ್ಟ ಮನುಷ್ಯನಲ್ಲ. ಹಣೆಗೆ ವಿಭೂತಿ ಇಲ್ಲದೆ ಹೊರಗೆ ಕಾಲಿಡದವನು, ಆಳುಗಳಿಗೆ ರಾಗಿ ಅಳೆಯುವಾಗ ಬಳ್ಳದ ಮೇಲಿನ ರಾಶಿ ಸವರದವನು, ತಾನೂ ಅವರ ಜೊತೆ ನಿಂತು ಗುದ್ದಲಿ ಹಿಡಿಯುವವನು. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಮುಂದೆ ನಡೆದದ್ದು ಕೆಟ್ಟ ಮನುಷ್ಯನೊಬ್ಬನ ಪಾಲಿಗೆ ಬಂದಿದ್ದರೆ ಅವನು ನಾಲ್ಕು ದಿನಕ್ಕೆ ಮರೆತು ಹಾಯಾಗಿರುತ್ತಿದ್ದ.

ಅರವತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಅವನು ಮೆಳೆಯ ಪಕ್ಕದ ಎರಡೆಕರೆ ಬೀಳು ಒಡೆಸಲು ಹೊರಟ. ಭರಣಿ ಮಳೆ ಬೀಳುವುದರೊಳಗೆ ಲಂಟಾನದ ಪೊದೆ ಕಡಿದು, ಹಳೆಯ ಮರಗಳ ಬೊಡ್ಡೆ ಕಿತ್ತು, ನೆಲ ಹಸನು ಮಾಡಿ ಎಳ್ಳು ಚೆಲ್ಲಬೇಕು ಎಂಬುದು ಅವನ ಲೆಕ್ಕ. ಹಾಡಿಯಿಂದ ಏಳೆಂಟು ಜನ ಕೆಲಸಕ್ಕೆ ಬರುತ್ತಿದ್ದರು. ಅವರಲ್ಲಿ ಸಿದ್ದ ಮುಖ್ಯ. ಹನ್ನೊಂದು ವರ್ಷದಿಂದ ಕಂಠಪ್ಪನ ಹೊಲದಲ್ಲೇ ದುಡಿದವನು. ಬೊಡ್ಡೆಯ ಸುತ್ತ ನೆಲವನ್ನು ಹಿಮ್ಮಡಿಯಿಂದ ಒಮ್ಮೆ ತಟ್ಟಿ, ತಾಯಿಬೇರು ಯಾವ ಕಡೆ ಇಳಿದಿದೆ ಎಂದು ಹೇಳುತ್ತಿದ್ದ. ಅಲ್ಲಿ ಅಗೆದರೆ ಬೇರು ಸಿಗುತ್ತಿತ್ತು. ಬೇರೆಯವರು ಒಂದು ದಿನ ಗುದ್ದಾಡುವ ಬೊಡ್ಡೆಯನ್ನು ಅವನು ಊಟದ ಹೊತ್ತಿಗೆ ಮಗುಚಿಹಾಕುತ್ತಿದ್ದ.

ಎರಡು ದಿನ ಸಿದ್ದ ಬರಲಿಲ್ಲ. ಜ್ವರ ಎಂದು ಯಾರೋ ಹೇಳಿದರು. ಅಷ್ಟರಲ್ಲಿ ಪಶ್ಚಿಮಕ್ಕೆ ಒಂದೆರಡು ಮೋಡ ಕಂಡದ್ದೇ ಕಂಠಪ್ಪನಿಗೆ ಕಾಲು ನಿಲ್ಲದಂತಾಯಿತು. 'ಏಳಾಕಾದ್ರೆ ಬಂದುಬುಡು, ನೀನಿಲ್ದೆ ದೊಡ್ಡ ಬೊಡ್ಡೆ ಅಲ್ಲಾಡ್ತಿಲ್ಲ' ಅಂತ ಹೇಳಿಕಳಿಸಿದ. ಮೂರನೆಯ ದಿನ ಸಿದ್ದ ಬಂದ.

ಆ ದಿನದ ಬಿಸಿಲನ್ನು ಊರಲ್ಲಿ ಇನ್ನೂ ನೆನೆಸಿಕೊಳ್ಳುವವರಿದ್ದಾರೆ. ಗಾಳಿ ಸತ್ತುಹೋಗಿತ್ತು. ಹತ್ತು ಗಂಟೆಗೇ ಮಡಕೆಯ ನೀರು ಮುಗಿದಿತ್ತು. ಹಳ್ಳ ಒಣಗಿ ತಿಂಗಳಾಗಿತ್ತು, ನೀರು ತರಬೇಕೆಂದರೆ ಅರ್ಧ ಮೈಲಿ ದೂರದ ಬಾವಿಗೇ ಹೋಗಬೇಕು. "ಈ ಬೊಡ್ಡೆ ಒಂದು ಎದ್ಬುಡ್ಲಿ, ಆಮೇಲೆ ಎಲ್ಲಾರೂ ಒಟ್ಟಿಗೇ ವೋಗವ" ಎಂದ ಕಂಠಪ್ಪ. ತಾನೂ ಕುಡಿಯಲಿಲ್ಲ.

ಹೊತ್ತು ನೆತ್ತಿಗೆ ಬರುವಾಗ ಸಿದ್ದ ಏನೇನೋ ಮಾತಾಡತೊಡಗಿದ. ನಾಲಿಗೆ ತೊದಲುತ್ತಿತ್ತು. ಒಮ್ಮೆ ನಕ್ಕ. ಹಾರೆಯನ್ನು ಬೊಡ್ಡೆಗೆ ಹಾಕುವ ಬದಲು ಬರೀ ನೆಲಕ್ಕೆ ಎರಡು ಸಲ ಹಾಕಿದ. ಕಂಠಪ್ಪ ಗದರಿದ್ದಕ್ಕೆ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಎದುರಾಡದವನು, ಅವನನ್ನು ಯಾರೋ ಎಂಬಂತೆ ನೋಡಿ, "ನೀನ್ಯಾರ್ಲಾ ಕೇಳಕೆ?" ಎಂದ. ಕೆಲಸದವರು ಕೈ ನಿಲ್ಲಿಸಿದರು. ಸಿದ್ದ ಹಾರೆ ಬಿಟ್ಟು, ಕಾಲು ಅಡ್ಡಡ್ಡ ಹಾಕುತ್ತ ಮತ್ತಿ ಮರದ ನೆರಳಿನ ಕಡೆ ನಾಲ್ಕು ಹೆಜ್ಜೆ ಹೋದ. ಅಲ್ಲಿಗೇ ಕುಸಿದ. ನೆರಳು ಇನ್ನೂ ಹತ್ತು ಮಾರು ದೂರ ಇತ್ತು.

ಕಂಠಪ್ಪ ಹುಟ್ಟಿದಾಗಿನಿಂದ ಸೇಂದಿ, ಸಾರಾಯಿ ಮುಟ್ಟಿದವನಲ್ಲ. ಕುಡಿದವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು.

"ಬೆಳಿಗ್ಗೇನೇ ಏರಿಸ್ಕಂಡ್ ಬಂದವ್ನೆ" ಎಂದ. "ಜ್ವರವಂತೆ, ಜ್ವರ. ಯಾರೂ ಮುಟ್ಬ್ಯಾಡಿ. ಅಲ್ಲೇ ಬಿದ್ದಿರ್ಲಿ. ಕುಡ್ದೋನಿಗೆ ಬಿಸ್ಲೇ ಮದ್ದು. ಅಮಲು ಇಳುದ್ಮೇಲೆ ಅವನೇ ಎದ್ದು ಬತ್ತಾನೆ."

ಒಂದಿಬ್ಬರು ನಕ್ಕರು. ಕಂಠಪ್ಪನೂ ನಕ್ಕ. ಆಮೇಲೆ ಎಲ್ಲರೂ ಬಾವಿಗೆ ಹೋಗಿ, ನೀರು ಕುಡಿದು, ಅಲ್ಲೇ ಹೊಂಗೆಯ ನೆರಳಲ್ಲಿ ಮುದ್ದೆ ಉಂಡು, ಸ್ವಲ್ಪ ಹೊತ್ತು ಅಡ್ಡಾಗಿ ಬಂದರು. ಬಂದು ನೋಡಿದಾಗ ಸಿದ್ದನ ಮೈ ಕಾದ ಹೆಂಚಿನ ಹಾಗಿತ್ತು. ಒಂದು ತೊಟ್ಟು ಬೆವರಿರಲಿಲ್ಲ. ಕೈಕಾಲು ಸೆಟೆದು ಅದುರುತ್ತಿದ್ದವು. ಗಾಡಿ ಕಟ್ಟಿ ತಾಲ್ಲೂಕಿನ ಊರಾದ ಕೋಟೆಯ ಆಸ್ಪತ್ರೆಗೆ ಹೊರಟರು. ದಾರಿ ಅರ್ಧವೂ ಸವೆಯಲಿಲ್ಲ.

ಊರಿನವರು ಎರಡು ಮಾತು ಹೇಳಿದರು. ಕೆಲವರು, ಕುಡಿದು ಸತ್ತ ಎಂದರು. ಉಳಿದವರು, ಮಟಮಟ ಮಧ್ಯಾಹ್ನದಲ್ಲಿ ಬೀಳು ನೆಲ ಅಗೆದರೆ ಇನ್ನೇನಾದೀತು, ಗಾಳಿ ಬಡಿದಿದೆ ಎಂದರು. ಎರಡರಲ್ಲಿ ಯಾವುದನ್ನು ಹಿಡಿದರೂ ಕಂಠಪ್ಪನ ಮೇಲೆ ಏನೂ ಬರುತ್ತಿರಲಿಲ್ಲ. ಅವನು ಸಿದ್ದನ ಹೆಂಡತಿ ಕೆಂಪಿಗೆ ಒಂದು ಮೂಟೆ ರಾಗಿ, ಎರಡು ಸೀರೆ ಕಳಿಸಿದ. ಒಳ್ಳೆಯ ಆಳು ಹೋದ ಎಂದು ನಿಜವಾಗಿಯೂ ಮರುಗಿದ. ಇಪ್ಪತ್ತು ದಿನ ಹಾಗೇ ಕಳೆಯಿತು.

ಅಷ್ಟರಲ್ಲಿ ಮಳೆ ಒಂದು ಹದ ಬಂದು ಹೋಗಿ, ಬಿಸಿಲು ಮತ್ತೆ ಏರಿತ್ತು. ಕಂಠಪ್ಪ ಹೊಸ ನೆಲಕ್ಕೆ ನೇಗಿಲು ಹೂಡಿದ್ದ. ಹೊತ್ತೇರಿದ್ದು ನೋಡದೆ ಇನ್ನೊಂದು ಸಾಲು, ಇನ್ನೊಂದು ಸಾಲು ಎಂದು ಹೊಡೆಯುತ್ತಿದ್ದಾಗ ಕೆಂದ ಎಂಬ ಎಡಗಡೆಯ ಎತ್ತು ನಾಲಿಗೆ ಹೊರಹಾಕಿ, ಬಾಯಲ್ಲಿ ನೊರೆ ಸುರಿಸುತ್ತ, ಕಾಲು ಅಡ್ಡಡ್ಡ ಹಾಕಿ, ನೊಗದೊಳಗೇ ಕುಸಿಯಿತು. ಆ ದಿನ ಪುಣ್ಯಕ್ಕೆ ದನಗಳಿಗೆ ಸೂಜಿಮದ್ದು ಹಾಕಲು ನೀಲಕಂಠಸ್ವಾಮಿ ಊರಿಗೆ ಬಂದಿದ್ದ. ಅವನು ಕೋಟೆಯ ದನದ ಆಸ್ಪತ್ರೆಯ ಸ್ಟಾಕ್‌ಮನ್. ಜನ ಅವನನ್ನೇ ದನದ ಡಾಕ್ಟರು ಎನ್ನುತ್ತಿದ್ದರು. ಸೈಕಲ್ಲು ಬದುವಿನ ಮೇಲೆ ಬಿಸಾಕಿ ಓಡಿಬಂದ.

"ನೊಗ ಬಿಚ್ಚಿ. ಮೊದ್ಲು ನೆರಳಿಗೆ ಎಳೀರಿ. ನೀರು ತನ್ನಿ, ಎಷ್ಟು ಸಿಕ್ಕುತ್ತೋ ಅಷ್ಟೂ. ಕುಡಿಸೋಕಲ್ಲ, ಮೈಮೇಲೆ ಉಯ್ಯೋಕೆ."

ಮಳೆ ನೀರು ಹಳ್ಳದ ಗುಂಡಿಯಲ್ಲಿ ನಿಂತಿತ್ತು. ಕಂಠಪ್ಪ ಕೊಡ ಹೊತ್ತು ಓಡಿದ. ತಂದು ಉಯ್ದ, ಮತ್ತೆ ಓಡಿದ. ಕುತ್ತಿಗೆ, ಬೆನ್ನು, ತೊಡೆಸಂದಿಗೆ ನೀರು ಬೀಳುತ್ತಲೇ ಇರಲಿ ಎನ್ನುತ್ತ ನೀಲಕಂಠಸ್ವಾಮಿ ಟವೆಲಿನಿಂದ ಗಾಳಿ ಹಾಕುತ್ತಲೇ ಇದ್ದ. ನಲವತ್ತು ಕೊಡ ಆಗಿರಬೇಕು. ಕೊನೆಗೆ ಕೆಂದ ಕಿವಿ ಅಲ್ಲಾಡಿಸಿತು. ಇನ್ನೂ ಸ್ವಲ್ಪ ಹೊತ್ತಿಗೆ ಎದ್ದು ನಿಂತಿತು.

"ಯಾವ ಗಾಳಿ ಬಡಿದಿತ್ತೋ ಕಾಣೆ" ಎಂದ ಕಂಠಪ್ಪ, ಕೊಡ ಕೆಳಗಿಟ್ಟು.

ನೀಲಕಂಠಸ್ವಾಮಿ ನಕ್ಕ. "ಗಾಳಿನೂ ಇಲ್ಲ, ಗ್ರಹಾನೂ ಇಲ್ಲ ಗೌಡ್ರೆ. ಬಿಸಿಲು ಬಡಿದಿದ್ದು. ಒಳಗಿನ ಕಾವು ಹೊರಕ್ಕೆ ಹೋಗದೆ ಮಿದುಳಿಗೆ ಏರ್ತದೆ. ಮನುಷ್ಯರಿಗೂ ಹಿಂಗೇನೆ. ಮಾತು ತೊದಲ್ತದೆ, ಎದುರಿಗಿರೋರ ಗುರುತು ಸಿಕ್ಕಲ್ಲ, ಕುಡುಕರ ಥರ ತೂರಾಡ್ತಾರೆ. ಬೆವರು ನಿಂತುಹೋಗ್ತದೆ. ಗೊತ್ತಿಲ್ಲದೋರು ಕುಡಿದವ್ನೆ ಅಂದ್ಕಳ್ತಾರೆ. ಆ ಗಳಿಗೇಲಿ ನೆರಳಿಗೆ ತಂದು ನೀರು ಉಯ್ದ್ರೆ ಬದುಕಿದ. ಬಿಸಿಲಲ್ಲೇ ಬಿಟ್ರೆ ಒಂದು ಗಂಟೆ, ಎರಡು ಗಂಟೆ. ಅಷ್ಟೇಯ."

ಅವನು ಕೈ ತೊಳೆದುಕೊಂಡು, ಮಜ್ಜಿಗೆ ಕುಡಿದು, ಸೈಕಲ್ಲು ಹತ್ತಿ ಹೋದ. ಕಂಠಪ್ಪ ನೆನೆದ ಎತ್ತಿನ ಪಕ್ಕ ಕೂತವನು ಏಳಲಿಲ್ಲ. ಸುತ್ತ ನೆಲವೆಲ್ಲ ಕೆಸರಾಗಿತ್ತು. ಆ ಕೆಸರಿನಿಂದ ಸಿದ್ದ ಬಿದ್ದ ಜಾಗಕ್ಕೆ ಹತ್ತು ಮಾರು. ತಲೆಯೆತ್ತಿ ಆ ಕಡೆ ನೋಡಿದ.

ಸಿದ್ದ ಅಲ್ಲಿ ನಡೆಯುತ್ತಿದ್ದ.

ನೆಲದಿಂದ ಬಿಸಿಲಿನ ಝಳ ನೀರಿನ ಹಾಗೆ ಅಲೆಯಾಡುತ್ತಿತ್ತು, ಅದರೊಳಗೆ ಅವನ ಕಾಲು ಮೊಣಕಾಲಿನವರೆಗೆ ಕರಗಿದಂತೆ ಕಾಣುತ್ತಿತ್ತು. ಅಡ್ಡಡ್ಡ ಹೆಜ್ಜೆ ಹಾಕುತ್ತ ಮತ್ತಿ ಮರದ ನೆರಳಿನ ಕಡೆಗೆ ಬರುತ್ತಿದ್ದ. ಒಂದು, ಎರಡು, ಮೂರು. ನಾಲ್ಕನೆಯ ಹೆಜ್ಜೆಗೆ ಮತ್ತೆ ಬೊಡ್ಡೆಯ ಹತ್ತಿರ ಇದ್ದ. ಮತ್ತೆ ಒಂದು, ಎರಡು, ಮೂರು. ಬೀಳುತ್ತಾನೆ, ಈಗ ಬೀಳುತ್ತಾನೆ ಎಂದು ಕಂಠಪ್ಪ ಉಸಿರು ಹಿಡಿದು ಕಾದ. ಸಿದ್ದ ಬೀಳಲಿಲ್ಲ. ಹೊತ್ತು ವಾಲುವವರೆಗೂ ನಡೆಯುತ್ತಲೇ ಇದ್ದ.

ಮರುದಿನವೂ ಬಂದ. ಅದರ ಮರುದಿನವೂ. ಸೂರ್ಯ ನೆತ್ತಿಯ ಮೇಲೆ ಇದ್ದಷ್ಟು ಹೊತ್ತು ಮಾತ್ರ. ಕಂಠಪ್ಪ ಹತ್ತಿರ ಹೋದರೆ ಬರೀ ನೆಲ, ದೂರ ಬಂದರೆ ಸಿದ್ದ. ಶಿವನಾಮ ಜಪಿಸಿದ, ಕಣ್ಣಿಗೆ ಲಿಂಗ ಒತ್ತಿಕೊಂಡ. ಕಣ್ಣು ತೆರೆದರೆ ಅವನು ಇದ್ದೇ ಇರುತ್ತಿದ್ದ. ಕೊನೆಗೆ ಕಂಠಪ್ಪ ಹೊತ್ತು ನೆತ್ತಿಗೆ ಬರುವ ಮೊದಲೇ ಹೊಲದಿಂದ ಎಲ್ಲರನ್ನೂ ಕಳಿಸಿ ಮನೆ ಸೇರತೊಡಗಿದ. ಮಧ್ಯಾಹ್ನದ ಕೆಲಸ ಅವನ ಹೊಲದಲ್ಲಿ ನಿಂತೇಹೋಯಿತು.

ಪಕ್ಕದ ಹೊಲದ ರುದ್ರಸ್ವಾಮಿ ಇದನ್ನು ಗಮನಿಸಿದ. ದೂರದ ಸಂಬಂಧಿ, ಕಂಠಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಒಂದು ದಿನ ಬದುವಿನ ಮೇಲೆ ಸಿಕ್ಕವನು, "ಯಾಕ್ ಕಂಠಣ್ಣ, ಇಷ್ಟ್ ಬೇಗ ಹೊಲ ಖಾಲಿ ಮಾಡ್ತೀರಿ? ಏನಾದ್ರೂ ಕಾಣಿಸ್ತಾ?" ಎಂದ, ಅರ್ಧ ತಮಾಷೆಗೆ.

ಆ ಗಳಿಗೆಯಲ್ಲಿ ಕಂಠಪ್ಪ ಎಲ್ಲವನ್ನೂ ಹೇಳಬಹುದಿತ್ತು. ಬಾಯಿಗೆ ಬಂದದ್ದು ಇಷ್ಟೇ: "ಹೂಂ ಕಣಪ್ಪ. ಸಿದ್ದ ಕಾಣ್ತಾನೆ."

ಅದು ಸುಳ್ಳಲ್ಲ. ಆದರೆ ಆ ಒಂದು ಮಾತು ಊರಿಗೆ ಹೋಗಿ ದೆವ್ವವಾಗಿ ಬೆಳೆಯಿತು. ವಾರದೊಳಗೆ ಇನ್ನೂ ಮೂವರಿಗೆ ಸಿದ್ದ ಕಂಡ. ತಿಂಗಳೊಳಗೆ ಅವನಿಗೆ ಕೆಂಡದ ಕಣ್ಣು, ಹಿಂದು ಮುಂದಾದ ಪಾದ ಬಂದವು. ನೆತ್ತಿಗೆ ಹೊತ್ತು ಬಂದರೆ ಸಾಕು, ಆ ಬದಿಯ ಹೊಲಗಳಲ್ಲೆಲ್ಲ ಗುದ್ದಲಿ ಕೆಳಗಿಟ್ಟು ಜನ ನೆರಳು ಸೇರುತ್ತಿದ್ದರು. ಎರಡು ಬೇಸಿಗೆ ಕಳೆದವು. ಬಿಸಿಲಿಗೆ ಒಬ್ಬರೂ ಬೀಳಲಿಲ್ಲ. ಕಂಠಪ್ಪ ಅದನ್ನೇ ತನಗೆ ತಾನು ಹೇಳಿಕೊಳ್ಳುತ್ತಿದ್ದ. ನಿಜ ಹೇಳಿದ್ದರೆ ಯಾರು ಕೇಳುತ್ತಿದ್ದರು? ದೆವ್ವದ ಮಾತನ್ನಾದರೆ ಕೇಳುತ್ತಾರೆ. ಸತ್ತ ಸಿದ್ದ ಬದುಕಿದ್ದವರನ್ನು ಕಾಯುತ್ತಿದ್ದಾನೆ, ಬುಡು, ಹಾಗೇ ಇರಲಿ.

ಹಾಡಿಯಲ್ಲಿ ಏನಾಗುತ್ತಿದೆ ಎಂದು ಅವನು ವಿಚಾರಿಸಲಿಲ್ಲ. ಅವನ ಹೆಂಡತಿ ಸುಂದ್ರಮ್ಮ ಹೇಳಿದಾಗಲೂ ಕಿವಿ ಆಚೆ ಮಾಡಿದ. ಕೆಂಪಿಯನ್ನು ಯಾರೂ ಕೂಲಿಗೆ ಕರೆಯುತ್ತಿರಲಿಲ್ಲ. ದೆವ್ವದ ಹೆಂಡತಿ ಬಿತ್ತಿದ ಬೀಜ ಮೊಳೆಯುವುದಿಲ್ಲವಂತೆ. ಊರಿನ ಕೂಸಿಗೆ ಜ್ವರ ಬಂದರೆ ಸಿದ್ದನ ಹೆಸರು, ಹಸು ದಿನ ತುಂಬದೆ ಕಂದು ಹಾಕಿದರೆ ಸಿದ್ದನ ಹೆಸರು. ಹಾಡಿಯ ಯಜಮಾನ ಜೋಗಯ್ಯ ಕೂಡ, ಅಲೆಯುತ್ತಿರುವವನನ್ನು ಹಿರಿಯರ ಜೊತೆ ಸೇರಿಸುವುದು ಹೇಗೆ ಎಂದು ಸಿದ್ದನ ಕಾರ್ಯವನ್ನೇ ತಡೆದಿದ್ದ. ಹೀಗೆ ಸಿದ್ದ ಎರಡು ವರ್ಷ ತನ್ನವರಿಗೂ ಹೊರಗಿನವನಾಗಿ ನಿಂತ.

ಎಪ್ಪತ್ತೊಂದರ ಬೇಸಿಗೆಗೆ ರುದ್ರಸ್ವಾಮಿಯೂ ಬೀಳು ಒಡೆಸಲು ಶುರುಮಾಡಿದ. ಹಾಡಿಯ ಅರ್ಧ ಗಂಡಸರು ಕಬಿನಿ ಅಣೆಕಟ್ಟೆಯ ಕೆಲಸಕ್ಕೆ ಹೋಗಿದ್ದರು. ಉಳಿದವರು ಮಧ್ಯಾಹ್ನ ಮೂರು ಗಂಟೆ ಹೊತ್ತು ಕೆಲಸ ನಿಲ್ಲಿಸುತ್ತಿದ್ದರು. ಅವನಿಗೆ ಸಹನೆ ಕೆಟ್ಟಿತು. ಮಾನಂತವಾಡಿ ಕಡೆಯಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದ. ಕಂಠಪ್ಪನ ಹೊಲದ ಮತ್ತಿ ಮರಕ್ಕೆ ಐದು ಕಬ್ಬಿಣದ ಮೊಳೆ ಹೊಡೆದು, ಸಿದ್ದನನ್ನು ಅದರೊಳಗೆ ಕಟ್ಟಿಹಾಕುವುದೆಂದು ನಿಶ್ಚಯವಾಯಿತು, ಕಂಠಪ್ಪ ಬೇಡ ಎನ್ನಲಿಲ್ಲ.

ಹಿಂದಿನ ದಿನ ಬೆಳಿಗ್ಗೆ ಕೆಂಪಿ ಕಂಠಪ್ಪನ ಮನೆಯ ಮುಂದೆ ಬಂದು ನಿಂತಳು. ಎರಡು ವರ್ಷದಲ್ಲಿ ಹತ್ತು ವರ್ಷ ಕಳೆದವಳ ಹಾಗೆ ಕಾಣುತ್ತಿದ್ದಳು. ಜಗಲಿಯಿಂದ ದೂರವೇ ನಿಂತಿದ್ದಳು.

"ಬುದ್ದಿ, ನಾಳೆ ನನ್ ಗಂಡುನ್ ತಲೆಗೆ ಮೊಳೆ ಒಡೀತಾರಂತೆ."

"ತಲೆಗಲ್ಲ ಕೆಂಪಿ. ಮರಕ್ಕೆ."

"ಮರದೊಳೀಕೆ ಇರಾನು ಅವ್ನೇ ತಾನೆ?" ಎಂದಳು. "ಅವ್ನು ಯಾರಿಗೂ ಕೇಡು ಮಾಡ್ದೋನಲ್ಲ. ನಿಮ್ಗೆ ಗೊತ್ತಿಲ್ವಾ? ಮೊದ್ಲು ಕಂಡೋರು ನೀವೇ ಅಂತಾರೆ. ನೀವೊಂದ್ ಮಾತು ಬ್ಯಾಡ ಅಂದ್ರೆ ನಿಲ್ಲುಸ್ತಾರೆ."

ಕಂಠಪ್ಪ ಹೊಲದ ಕಡೆ ಮುಖ ತಿರುಗಿಸಿದ. ಕೆಂಪಿ ನೆಲ ನೋಡುತ್ತ ಹೇಳಿದಳು: "ಕುಡ್ದಿದ್ದ ಅಂದ್ರು. ಎರಡು ದಿನದಿಂದ ಗಂಜಿ ನಿಂತಿರ್ಲಿಲ್ಲ ಅವನ ಹೊಟ್ಟೇಲಿ. ಕುಡ್ಯಾಕೆ ಎಲ್ಲಿತ್ತು ತ್ರಾಣ? ಮನಿಕ್ಕೊ, ಬ್ಯಾಡ ಅಂದೆ. ಬುದ್ದಿ ಹೇಳ್ ಕಳ್ಸವ್ರೆ, ನಾನಿಲ್ದೆ ಬೊಡ್ಡೆ ಏಳಾಕಿಲ್ಲ ಅಂತ ಎದ್ದು ಬಂದ."

ಅವಳು ಹೋದ ಮೇಲೆ ಸುಂದ್ರಮ್ಮ ಒಳಗಿನಿಂದ ಬಂದು ಗಂಡನ ಎದುರು ಕೂತಳು. "ನಂಗೆ ನೀವೇನೂ ಹೇಳಿಲ್ಲ, ನಾನೂ ಕೇಳ್ನಿಲ್ಲ. ಎರಡು ವರ್ಷದಿಂದ ನೀವು ಉಣ್ಣೋದ ನೋಡ್ತಾ ಇವ್ನಿ ಕಣ್ರೀ. ಅರ್ಧ ಮುದ್ದೆ ತಟ್ಟೇಲೇ ಉಳೀತೈತೆ. ಅದೇನಿದ್ರೂ ಹೇಳ್ಬುಡಿ."

ಮರುದಿನ ಊರಿನ ಮೂವತ್ತು ನಲವತ್ತು ಜನ ಹೊಲದಲ್ಲಿ ಸೇರಿದ್ದರು. ಹಾಡಿಯವರು ಮೆಳೆಯ ಅಂಚಿನಲ್ಲಿ ಗುಂಪಾಗಿ ನಿಂತಿದ್ದರು, ಮುಂದೆ ಜೋಗಯ್ಯ, ಅವನ ಹಿಂದೆ ಕೆಂಪಿ. ಮಂತ್ರವಾದಿ ಮರದ ಬುಡದಲ್ಲಿ ಅರಿಸಿನ ಸುಣ್ಣದ ಮಂಡಲ ಬರೆದು, ಮೊಳೆಗಳನ್ನು ಎಲೆಯ ಮೇಲೆ ಜೋಡಿಸಿದ್ದ. ಸಿದ್ದ ಬರುವ ಹೊತ್ತಿಗೇ ಕಟ್ಟಬೇಕು ಎಂದು ಸೂರ್ಯನನ್ನು ನೋಡುತ್ತ ಕಾಯುತ್ತಿದ್ದ. ಹೊತ್ತು ನೆತ್ತಿಗೆ ಬಂತು. ಅವನು ಮೊದಲ ಮೊಳೆ ಎತ್ತಿಕೊಂಡ.

ಕಂಠಪ್ಪ ಬೊಡ್ಡೆ ಇದ್ದ ಕಡೆ ನೋಡಿದ. ಅಷ್ಟು ಜನರ ನಡುವೆ, ಯಾರಿಗೂ ತಾಗದೆ, ಸಿದ್ದ ನಡೆದು ಬರುತ್ತಿದ್ದ.

"ಮೊಳೆ ಒಡೀಬ್ಯಾಡಿ" ಎಂದ. ದನಿ ಅವನಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. "ಸಿದ್ದ ದೆವ್ವ ಆಗಿಲ್ಲ."

ರುದ್ರಸ್ವಾಮಿ ತಿರುಗಿದ. "ನೀವೇ ಕಂಡೆ ಅಂದಿದ್ರಲ್ಲ ಕಂಠಣ್ಣ?"

"ಕಂಡಿವ್ನಿ. ಈಗ್ಲೂ ಕಾಣ್ತಾವ್ನೆ. ಅದು ನನ್ ಕಣ್ಣಲ್ಲಿ ಐತೆ, ಹೊಲ್ದಲ್ಲಿಲ್ಲ." ಆಮೇಲೆ ಅವನು ನಿಲ್ಲಲಿಲ್ಲ. ಹಾಡಿಯವರ ಕಡೆ ಮುಖ ಮಾಡಿ, ಹೇಳಿಕಳಿಸಿದ್ದರಿಂದ ಹಿಡಿದು ಎಲ್ಲ ಹೇಳಿದ. ನೀರು ಮುಗಿದರೂ ತರಗೊಡದಿದ್ದದ್ದು. ಯಾರೂ ಮುಟ್ಟಬೇಡಿ ಎಂದದ್ದು. ನಕ್ಕದ್ದು. "ಅವ್ನು ಕುಡ್ದಿರ್ಲಿಲ್ಲ. ಬಿಸ್ಲು ಬಡ್ದಿತ್ತು. ದನದ ಡಾಕ್ಟ್ರು ಹೇಳೋಗಂಟ ನಂಗೂ ಗೊತ್ತಿರ್ಲಿಲ್ಲ, ಗೊತ್ತಾದ್ಮೇಲೆ ಎರಡು ವರ್ಷ ಬಾಯ್ ಮುಚ್ಕಂಡಿದ್ದೆ. ಎತ್ತಿಗೆ ನಲವತ್ತು ಕೊಡ ನೀರು ಹೊತ್ತೆ. ಅವನಿಗೆ ಒಂದ್ ಚೊಂಬು ಉಯ್ಲಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡು ಹೇಳಿದ: "ಇನ್ಮೇಲೆ ಬಿಸ್ಲಲ್ಲಿ ಯಾರ್ಗಾದ್ರೂ ಮಾತು ತೊದಲಿದ್ರೆ, ಬೆವರು ನಿಂತ್ರೆ, ಕುಡ್ದವ್ನೆ ಅನ್ಬ್ಯಾಡಿ. ನೆಳ್ಳಿಗೆ ಎಳ್ಕಳಿ. ಮೈಗೆಲ್ಲ ನೀರು ಉಯ್ರಿ. ಗಾಳಿ ಬೀಸಿ. ಯಾವ್ ಬುದ್ದಿ ಬ್ಯಾಡ ಅಂದ್ರೂ ಕೇಳ್ಬ್ಯಾಡಿ."

ಅಂದು ನಕ್ಕಿದ್ದ ಇಬ್ಬರು ಹಾಡಿಯವರೂ ಅಲ್ಲಿದ್ದರು. ಅವರು ಕೆಂಪಿಯ ಪಕ್ಕದಿಂದ ಸರಿದು ನಿಂತರು. ಮಂತ್ರವಾದಿ ಒಂದು ಸಲ ಕಂಠಪ್ಪನ ಮುಖ, ಒಂದು ಸಲ ಬಿಸಿಲಿನ ಬಯಲು ನೋಡಿ, ಮಲೆಯಾಳ ಬೆರೆತ ಕನ್ನಡದಲ್ಲಿ ತನಗೆ ಇಲ್ಲಿ ಕೆಲಸವಿಲ್ಲ ಎಂದು ಹೇಳಿ, ಮೊಳೆಗಳನ್ನು ಚೀಲಕ್ಕೆ ಹಾಕಿಕೊಂಡ.

ಕೆಂಪಿ ಜೋಗಯ್ಯನನ್ನು ದಾಟಿ ಮುಂದೆ ಬಂದಳು.

"ನೀರು ಉಯ್ದಿದ್ರೆ ಬದುಕ್ತಿದ್ನಾ?"

ಇಲ್ಲ ಎನ್ನಬಹುದಿತ್ತು. ಯಾರಿಗೆ ಗೊತ್ತು ಎನ್ನಬಹುದಿತ್ತು. "ಬದುಕ್ತಿದ್ದ" ಎಂದ ಕಂಠಪ್ಪ.

ಅವಳು ತಲೆಯಾಡಿಸಿದಳು, ಲೆಕ್ಕ ಸರಿಬಂದವರ ಹಾಗೆ. ತಿರುಗಿ ಹಾಡಿಯ ದಾರಿ ಹಿಡಿದಳು. ಜೋಗಯ್ಯ ಮಾತ್ರ ಇನ್ನೂ ನಿಂತಿದ್ದ. "ಎರಡು ವರ್ಷ ನಮ್ಮೋನ್ನ ನಾವೇ ಆಚೆ ನಿಲ್ಸಿದ್ವಲ್ಲ ಬುದ್ದಿ" ಎಂದ. ಅದು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು. ಆ ವಾರವೇ ಸಿದ್ದನ ಕಾರ್ಯ ಮಾಡಿದರು. ಬರಬಹುದೇ ಎಂದು ಕಂಠಪ್ಪ ಕೇಳಿಕಳಿಸಿದ. ಬರುವುದು ಬೇಡ ಎಂದು ಜೋಗಯ್ಯ ಹೇಳಿಕಳಿಸಿದ. ಮೆಳೆಯ ಆಚೆಯಿಂದ ಡೋಲಿನ ಸದ್ದು ಬರುತ್ತಿದ್ದಾಗ ಕಂಠಪ್ಪ ಕೊಟ್ಟಿಗೆಯಲ್ಲಿ ಎತ್ತಿನ ಮೈ ಉಜ್ಜುತ್ತ ನಿಂತಿದ್ದ.

ದೆವ್ವ ಇಲ್ಲವೆಂದಾದ ಮೇಲೆ ರುದ್ರಸ್ವಾಮಿಗೆ ಸಂತೋಷವಾಯಿತು. ಇನ್ನೇನು ಅಡ್ಡಿ, ಮಧ್ಯಾಹ್ನವೂ ಕೆಲಸ ಮಾಡಿ ಎಂದ. ಕೆಲವರು ಹೋಗಲೇಬೇಕಿತ್ತು, ಹೋದರು. ಕಂಠಪ್ಪ ಬದುವಿನ ಮೇಲೆ ನಿಂತು ಎಷ್ಟು ಹೇಳಿದರೂ ರುದ್ರಸ್ವಾಮಿ, "ನಿಮ್ ಪಾಪಕ್ಕೆ ನನ್ ಹೊಲ ಯಾಕೆ ಬೀಳು ಬೀಳ್ಬೇಕು?" ಎಂದುಬಿಟ್ಟ. ಒಂಬತ್ತನೆಯ ದಿನ ಈರ ಎಂಬುವನ ಮಾತು ತೊದಲಿತು. ಗುದ್ದಲಿ ಕೈಯಿಂದ ಜಾರಿತು. ಪಕ್ಕದಲ್ಲಿದ್ದ ಹೆಂಗಸರು ಕುಳ್ಳಿ, ಮುತ್ತಿ ಇಬ್ಬರೂ ಅವನ ತೋಳು ಕಾಲು ಹಿಡಿದು ನೆರಳಿಗೆ ಎಳೆದರು. ರುದ್ರಸ್ವಾಮಿ ಏನೋ ಕೂಗುತ್ತಿದ್ದ, ಅವರು ತಿರುಗಿ ನೋಡಲಿಲ್ಲ. ಕುಡಿಯಲು ತಂದಿದ್ದ ನೀರನ್ನೆಲ್ಲ ಅವನ ಮೈಮೇಲೆ ಸುರಿದು, ಸೀರೆಯ ಸೆರಗು ನೆನೆಸಿ ಕುತ್ತಿಗೆ, ಕಂಕುಳಿಗೆ ಇಟ್ಟು, ಮುತ್ತುಗದ ಎಲೆಯಿಂದ ಗಾಳಿ ಹಾಕುತ್ತ ಕೂತರು. ಇನ್ನೊಬ್ಬ ಬಾವಿಗೆ ಓಡಿದ. ಈರ ಬದುಕಿದ. ಆಮೇಲೆ ಅವನ ಬಲಗೈ ನಡುಗುವುದು ನಿಲ್ಲಲಿಲ್ಲ, ಬಿಸಿಲಿನ ಕೆಲಸ ಅವನಿಂದಾಗಲಿಲ್ಲ, ಆದರೂ ಬದುಕಿದ. ಆ ದಿನದಿಂದ ಹಾಡಿಯವರು ಹೊತ್ತೇರಿದ ಮೇಲೆ ಯಾರ ಹೊಲದಲ್ಲೂ ಗುದ್ದಲಿ ಎತ್ತಲಿಲ್ಲ. ಬೆಳಗಿನ ಜಾವ ಬರುತ್ತೇವೆ, ಸಂಜೆ ತಂಪಿಗೆ ಬರುತ್ತೇವೆ, ಬೇಕಿದ್ದರೆ ಕರೆಯಿರಿ ಎಂದು ಜೋಗಯ್ಯ ಆ ಬದಿಯ ಹೊಲದವರಿಗೆಲ್ಲ ಹೇಳಿದ. ರುದ್ರಸ್ವಾಮಿ ಒಂದು ವಾರ ಮುನಿಸಿಕೊಂಡಿದ್ದು, ಕರೆದ.

ಎಲ್ಲ ಹೇಳಿದ ಮೇಲೆ ಸಿದ್ದ ಕಾಣದೆ ಹೋಗಬಹುದು ಎಂದು ಕಂಠಪ್ಪ ಒಳಗೊಳಗೇ ಆಸೆಪಟ್ಟಿದ್ದ. ಸಿದ್ದ ಹೋಗಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಬರುತ್ತಲೇ ಇದ್ದ. ಕಂಠಪ್ಪನೂ ಈಗ ಮನೆಗೆ ಓಡುತ್ತಿರಲಿಲ್ಲ. ಮತ್ತಿ ಮರದ ಕೆಳಗೆ ಕೂತು ನೋಡುತ್ತಿದ್ದ. ಅದನ್ನು ಯಾರಿಗೂ ಹೇಳಲಿಲ್ಲ, ಸುಂದ್ರಮ್ಮನಿಗೂ ಹೇಳಲಿಲ್ಲ.

ಬೇಸಿಗೆಯ ಕೊನೆಗೆ ಒಂದು ಮಧ್ಯಾಹ್ನ ಕೆಂಪಿ ಹೊಲಕ್ಕೆ ಬಂದಳು. ಮರದ ಇನ್ನೊಂದು ಮಗ್ಗುಲಲ್ಲಿ, ನೆರಳಿನ ಅಂಚಿಗೆ ಕೂತಳು. ಕಾಲು ಚಾಚಿಕೊಂಡು ಕೇಳಿದಳು: "ಈಗ್ಲೂ ಕಾಣ್ತಾನಾ?"

"ಕಾಣ್ತಾನೆ ಕೆಂಪವ್ವ." ಅವಳನ್ನು ಅವನು ಹಾಗೆ ಕರೆದದ್ದು ಅದೇ ಮೊದಲು.

"ನಂಗೆ ಒಂದ್ ದಿನಾನೂ ಕಾಣ್ನಿಲ್ಲ" ಎಂದಳು. "ಕನಸ್ಗೂ ಬರ್ನಿಲ್ಲ. ಊರೋರ್ಗೆಲ್ಲ ಕಂಡ, ನಂಗೆ ಕಾಣ್ನಿಲ್ಲ. ಎಲ್ಲವ್ನೆ, ತೋರ್ಸಿ."

ಕಂಠಪ್ಪ ಕೈಚಾಚಿ ತೋರಿಸಿದ. ಅವಳು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಬಿಸಿಲಿನ ಝಳ ಬಿಟ್ಟರೆ ಅಲ್ಲಿ ಏನಿದ್ದೀತು.

"ಏನ್ ಮಾಡ್ತಾವ್ನೆ?"

"ನಡ್ಕಂಡ್ ಬತ್ತಾವ್ನೆ. ಈ ಕಡೀಕೆ."

"ಬೀಳ್ತಾನಾ?"

"ಇಲ್ಲ."

ಅವಳ ಹೆಗಲು ಸ್ವಲ್ಪ ಇಳಿಯಿತು. "ತಲೆಗೆ ಬಟ್ಟೆ ಐತಾ? ಜ್ವರದ್ ಮೈ ಅಂತ ನನ್ ಹಳೆ ಸೀರೆ ಹರ್ದು ನಾನೇ ತಲೆಗೆ ಸುತ್ತಿ ಕಳ್ಸಿದ್ದೆ. ಅಲ್ಲಿಂದ ತಂದಾಗ ಬರೀ ತಲೇಲಿದ್ದ. ಎಲ್ ಬಿಸಾಕ್ದ ಅಂತ ಎಷ್ಟೋ ಸಲ ಅಂದ್ಕಂಡಿವ್ನಿ."

ಕಂಠಪ್ಪನಿಗೆ ಅದು ನೆನಪಾಯಿತು. ಎರಡು ವರ್ಷ ಆ ಮಧ್ಯಾಹ್ನವನ್ನು ಸಾವಿರ ಸಲ ಕಂಡಿದ್ದರೂ ಅದೊಂದು ನೆನಪಾಗಿರಲಿಲ್ಲ.

"ಬಿಸಾಕ್ನಿಲ್ಲ ಕೆಂಪವ್ವ. ಹಾರೆ ಕಾದು ಹಿಡ್ಯಾಕಾಯ್ತಿರ್ಲಿಲ್ಲ. ತಲೆ ಬಟ್ಟೆ ಬಿಚ್ಚಿ ಹಾರೆಗೆ ಸುತ್ಕಂಡ."

ಕೆಂಪಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಅವನು ತೋರಿಸಿದ ಕಡೆಯೇ ನೋಡುತ್ತಿದ್ದಳು. ನೆರಳು ಅವಳ ಕಾಲ ಮೇಲಿಂದ ಸರಿದು ಹೋಗಿ ಬಿಸಿಲು ಬಿದ್ದಿತ್ತು.

"ಇತ್ಲಾಗ್ ಬಾ, ನೆಳ್ಳಿಗೆ" ಎಂದ ಕಂಠಪ್ಪ.

ಅವಳು ಅವನತ್ತ ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ತನ್ನಷ್ಟಕ್ಕೆ, ಒಂದು ಮೊಳ ಒಳಕ್ಕೆ ಸರಿದು ಕೂತಳು.